ಮಾವನ ಬಯಾಪ್ಸಿ ರಿಪೋರ್ಟಿನಲ್ಲಿರುವ ಈ ಪ್ರೋಟೀನ್‌ಗಳು ಏನು? ದೊಡ್ಡಕರುಳಿನ ಕ್ಯಾನ್ಸರ್ ಬಗ್ಗೆ ತಿಳಿದವರು ಹೇಳಿ

ಗೋಣಿಕೊಪ್ಪದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವನಿಗೆ ದೊಡ್ಡಕರುಳಿನ ಎಡಭಾಗದಲ್ಲಿ ಗಡ್ಡೆ ಇತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಬಂದಿದ್ದಾರೆ, ಗಂಜಿ ಬಿಟ್ಟು ಅನ್ನ ಊಟ ಮಾಡುತ್ತಿದ್ದಾರೆ. ಕೀಮೋ ಬಗ್ಗೆ ಮಾತಾಡಲು ಮತ್ತೆ ಹೋಗಬೇಕು. ಅಷ್ಟರಲ್ಲಿ ರಿಪೋರ್ಟ್ ಸ್ವಲ್ಪ ಅರ್ಥ ಮಾಡಿಕೊಳ್ಳೋಣ ಅಂತ ಕೂತೆ. ಅದರಲ್ಲಿ ಹೀಗಿದೆ: ಅಡಿನೊಕಾರ್ಸಿನೋಮ, ಮಾಡರೇಟ್ಲಿ ಡಿಫರೆನ್ಷಿಯೇಟೆಡ್. ಕೆಐ-67 ಹೈ. ಪಿ53 ಮ್ಯುಟೆಂಟ್ ಪ್ಯಾಟರ್ನ್. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಇಂಟ್ಯಾಕ್ಟ್. ಕೆ-ರಾಸ್ ಮ್ಯುಟೇಶನ್ ಇದೆ.

ಇವೆಲ್ಲ ಕೋಶ ವಿಭಜನೆಗೆ ಸಂಬಂಧಪಟ್ಟ ಪ್ರೋಟೀನ್‌ಗಳು ಅಂತ ಅಲ್ಲಿನ ಜೂನಿಯರ್ ಡಾಕ್ಟರ್ ಒಬ್ಬರು ಹೇಳಿದರು. ಅವರಿಗೆ ಪಾಪ ಟೈಮ್ ಇರಲಿಲ್ಲ. ಅಮ್ಮ ಕೇಳುತ್ತಿರುವುದು ಒಂದೇ: ಅಣ್ಣನಿಗೆ ಬಂದದ್ದು ನನಗೂ ಬರುತ್ತಾ?

ಮಡಿಕೇರಿ ಪ್ಯಾಥಾಲಜಿ

ನಾನು ಪ್ಯಾಥಾಲಜಿ ವಿಭಾಗದಲ್ಲಿ ಕೆಲಸ ಮಾಡುವವಳು. ನಿಮ್ಮ ಮಾವನ ಸ್ಲೈಡ್ ನಾನು ನೋಡಿಲ್ಲ, ಹಾಗಾಗಿ ಚಿಕಿತ್ಸೆ ಹೀಗೇ ಆಗಬೇಕು ಅಂತ ಹೇಳಲ್ಲ. ಈ ಹೆಸರುಗಳು ಏನು ಅಂತ ಹೇಳಬಹುದು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಆರೋಗ್ಯವಾಗಿರುವ ದೊಡ್ಡಕರುಳಿನ ಒಳಪದರದ ತುಂಬ ಸಣ್ಣ ಸಣ್ಣ ಗುಳಿಗಳಿವೆ. ಅವಕ್ಕೆ ಕ್ರಿಪ್ಟ್ ಅನ್ನುತ್ತೇವೆ. ಗುಳಿಯ ತಳದಲ್ಲಿ ಸ್ಟೆಮ್ ಸೆಲ್‌ಗಳಿರುತ್ತವೆ. ಅಲ್ಲಿ ಹುಟ್ಟಿದ ಹೊಸ ಕೋಶಗಳು ನಿಧಾನವಾಗಿ ಮೇಲೆ ಸರಿಯುತ್ತವೆ. ಮೇಲೆ ಬರುವಷ್ಟರಲ್ಲಿ ಒಡೆಯುವುದನ್ನು ನಿಲ್ಲಿಸಿ, ನೀರು ಹೀರುವ, ಲೋಳೆ ಸುರಿಸುವ ಕೆಲಸಕ್ಕೆ ಇಳಿಯುತ್ತವೆ. ನಾಲ್ಕೈದು ದಿನದಲ್ಲಿ ಉದುರಿಹೋಗುತ್ತವೆ. ಅಂದರೆ ಈ ಪದರ ಜೀವನಪೂರ್ತಿ ಹೊಸದಾಗುತ್ತಲೇ ಇರುತ್ತದೆ. ಇಷ್ಟೊಂದು ವಿಭಜನೆ ನಡೆಯುವ ಜಾಗ ದೇಹದಲ್ಲಿ ಜಾಸ್ತಿ ಇಲ್ಲ.

ಕೆಐ-67 ಅನ್ನುವುದು ವಿಭಜನೆಯ ಹಾದಿಯಲ್ಲಿರುವ ಕೋಶಗಳಲ್ಲಿ ಮಾತ್ರ ಕಾಣುವ ಪ್ರೋಟೀನ್. ಅದಕ್ಕೆ ಬಣ್ಣ ಹಾಕಿದರೆ ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಸರಿ ಇರುವ ಕರುಳಿನ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗುಳಿಗಳ ತಳದಲ್ಲಿ ಸಾಲಾಗಿ ಕಂದು ಚುಕ್ಕಿಗಳು. ಮೇಲೆ ಹೋದ ಹಾಗೆ ಕಡಿಮೆ. ತುದಿಯಲ್ಲಿ ಇಲ್ಲವೇ ಇಲ್ಲ, ಬರೀ ನೀಲಿ. ಪಿ21 ಅನ್ನುವ ಇನ್ನೊಂದು ಪ್ರೋಟೀನಿಗೆ ಬಣ್ಣ ಹಾಕಿದರೆ ಇದರ ಉಲ್ಟಾ: ಮೇಲ್ಭಾಗದಲ್ಲಿ ಕಂದು, ತಳದಲ್ಲಿ ಖಾಲಿ. ಏಕೆಂದರೆ ಪಿ21 ವಿಭಜನೆಯನ್ನು ನಿಲ್ಲಿಸುವ ಪ್ರೋಟೀನ್. ಇನ್ನು ಪಾಲಿಪ್‌ನ ತುಂಡು ತೆಗೆದುಕೊಳ್ಳಿ. ಅಡಿನೋಮ ಅನ್ನುತ್ತೇವಲ್ಲ, ಕ್ಯಾನ್ಸರ್ ಆಗುವ ಮುಂಚಿನ ಗಂಟು. ಅದರಲ್ಲಿ ಕಂದು ಚುಕ್ಕಿಗಳು ತುದಿಯವರೆಗೂ ಹತ್ತಿರುತ್ತವೆ. ನಿಲ್ಲಬೇಕಾದ ಜಾಗದಲ್ಲಿ ಕೋಶಗಳು ನಿಲ್ಲುತ್ತಿಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಹಾಗಂತ "ಕೆಐ-67 ಹೈ" ಅಂದದ್ದಕ್ಕೆ ಹೆದರಬೇಡಿ. ಸ್ತನ ಕ್ಯಾನ್ಸರಿನಲ್ಲಿ ಆ ಸಂಖ್ಯೆಗೆ ಬೆಲೆ ಇದೆ. ದೊಡ್ಡಕರುಳಿನಲ್ಲಿ ಅದನ್ನು ನೋಡಿ ಮುಂದೆ ಏನಾಗುತ್ತದೆ ಅಂತ ಹೇಳಲು ಆಗುವುದಿಲ್ಲ. ಪಿ53 ಬಣ್ಣವೂ ಎಲ್ಲ ಕಡೆ ಕಡ್ಡಾಯವಾಗಿ ಮಾಡುವ ಟೆಸ್ಟ್ ಅಲ್ಲ. ಕೆಲವು ಲ್ಯಾಬಿನವರು ಸೇರಿಸಿರುತ್ತಾರೆ. ನಿಮ್ಮ ಡಾಕ್ಟರ್ ಮುಖ್ಯವಾಗಿ ನೋಡುವುದು ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಲಿಂಫ್ ಗ್ರಂಥಿಗಳಿಗೆ ಹೋಗಿದೆ, ಆಮೇಲೆ ಆ ನಾಲ್ಕು ಇಂಟ್ಯಾಕ್ಟ್ ಹೆಸರುಗಳು. ಕೆ-ರಾಸ್ ಮುಂದೆ ಬೇಕಾದರೆ ಉಪಯೋಗಕ್ಕೆ ಬರುತ್ತದೆ.

ಗೋಣಿಕೊಪ್ಪದ ಮಗಳು

ಮೇಡಂ, ತುಂಬ ಥ್ಯಾಂಕ್ಸ್. ಪಿ53 ಬಗ್ಗೆ ಇನ್ನೊಂದು ಡೌಟ್. ಆ ಸಾಲಿನಲ್ಲಿ "ಸ್ಟ್ರಾಂಗ್ ಪಾಸಿಟಿವ್" ಅಂತಲೂ ಇದೆ. ಪಿ53 ನಮ್ಮನ್ನು ಕಾಯುವ ಪ್ರೋಟೀನ್ ಅಂತ ಎಲ್ಲೋ ಓದಿದ್ದೆ. ಹಾಗಾದರೆ ಜಾಸ್ತಿ ಇರುವುದು ಒಳ್ಳೆಯದಲ್ವಾ?

ಮಡಿಕೇರಿ ಪ್ಯಾಥಾಲಜಿ

ಇದನ್ನು ತುಂಬ ಜನ ಕೇಳುತ್ತಾರೆ. ಸರಿ ಇರುವ ಪಿ53 ಹುಟ್ಟಿದ ಕೂಡಲೇ ಒಡೆದುಹೋಗುತ್ತದೆ, ಅದಕ್ಕೇ ಬಣ್ಣ ಹಾಕಿದರೆ ಅಷ್ಟಾಗಿ ಕಾಣುವುದಿಲ್ಲ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಮಾತ್ರ ಏರುತ್ತದೆ. ಏರಿ ಪಿ21 ಅನ್ನು ಎಬ್ಬಿಸುತ್ತದೆ. ಪಿ21 ಹೋಗಿ ವಿಭಜನೆ ನಡೆಸುವ ಕಿಣ್ವಗಳನ್ನು ಹಿಡಿದುಕೊಳ್ಳುತ್ತದೆ. ಕೋಶ ಅಲ್ಲೇ ನಿಲ್ಲುತ್ತದೆ. ರಿಪೇರಿ ಆದರೆ ಮುಂದೆ ಹೋಗುತ್ತದೆ, ಆಗದಿದ್ದರೆ ಸಾಯುತ್ತದೆ.

ಕೆಟ್ಟ ಪಿ53 ಒಡೆಯದೆ ಕೋಶದಲ್ಲೇ ತುಂಬಿಕೊಳ್ಳುತ್ತದೆ. ಕೆಲಸ ಮಾಡುವುದಿಲ್ಲ. ಅದಕ್ಕೇ ಸ್ಲೈಡಿನಲ್ಲಿ ಗಾಢ ಕಂದು. ಕೆಲವರಲ್ಲಿ ಅದು ಪೂರ್ತಿ ಮಾಯವಾಗಿರುತ್ತದೆ, ಅದೂ ಮ್ಯುಟೆಂಟ್ ಪ್ಯಾಟರ್ನೇ. ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಪಿ53 ಕೆಟ್ಟಿರುತ್ತದೆ. ನಿಮ್ಮ ಮಾವನಿಗೆ ಮಾತ್ರ ಆದ ವಿಶೇಷ ಏನಲ್ಲ.

ವಿರಾಜಪೇಟೆ ಬಯಾಲಜಿ ಮೇಷ್ಟ್ರು

ಪಿಯುಸಿ ಮಕ್ಕಳಿಗೆ ಪಾಠ ಮಾಡುವವನು ನಾನು. ಈ ಕಿಣ್ವಗಳ ಕಥೆ ಸ್ವಲ್ಪ ಸೇರಿಸುತ್ತೇನೆ.

ಕೋಶ ಒಂದು ಸುತ್ತು ಮುಗಿಸುವುದು ನಾಲ್ಕು ಹಂತದಲ್ಲಿ. ಜಿ1ರಲ್ಲಿ ಬೆಳೆಯುತ್ತದೆ, ಎಸ್‌ನಲ್ಲಿ ಡಿಎನ್‌ಎ ನಕಲು ಮಾಡುತ್ತದೆ, ಜಿ2ರಲ್ಲಿ ತಯಾರಾಗುತ್ತದೆ, ಎಂನಲ್ಲಿ ಎರಡಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಸಿಡಿಕೆ ಅನ್ನುವ ಕಿಣ್ವಗಳು. ಅವು ಒಂಟಿಯಾಗಿ ಏನೂ ಮಾಡಲಾರವು. ಸೈಕ್ಲಿನ್ ಅನ್ನುವ ಜೊತೆಗಾರ ಪ್ರೋಟೀನ್ ಬೇಕು. ಟಿಮ್ ಹಂಟ್ 1982ರಲ್ಲಿ ಸಮುದ್ರದ ಮುಳ್ಳುಜೀವಿಯ ಮೊಟ್ಟೆಗಳ ಮೇಲೆ ಕೆಲಸ ಮಾಡುವಾಗ, ಪ್ರತಿ ವಿಭಜನೆಗೂ ಮುಂಚೆ ಏರಿ ಆಮೇಲೆ ತಟ್ಟನೆ ಇಳಿಯುವ ಪ್ರೋಟೀನನ್ನು ಕಂಡರು. ಅದೇ ಸೈಕ್ಲಿನ್. ಲೆಲ್ಯಾಂಡ್ ಹಾರ್ಟ್‌ವೆಲ್, ಪಾಲ್ ನರ್ಸ್ ಯೀಸ್ಟ್‌ನಲ್ಲಿ ಕೆಲಸ ಮಾಡಿದರು. ಮೂವರಿಗೂ ಸೇರಿ 2001ರಲ್ಲಿ ನೊಬೆಲ್ ಬಂತು. ಯೀಸ್ಟ್‌ನಲ್ಲಿ ಕಂಡ ಪ್ರೋಟೀನೇ ಮನುಷ್ಯನಲ್ಲೂ ಅದೇ ಕೆಲಸ ಮಾಡುತ್ತದೆ ಅಂತ ಹೇಳಿದಾಗ ಮಕ್ಕಳು ಮೊದಲು ನಂಬುವುದೇ ಇಲ್ಲ. ನನಗೂ ಇವತ್ತಿಗೂ ಅದು ಆಶ್ಚರ್ಯವೇ.

ಪ್ರಶ್ನೆ ಏನಂದರೆ, ಕರುಳಿನಲ್ಲಿ ಮೊದಲು ಕೆಡುವುದು ಯಾವುದು? ಸೈಕ್ಲಿನ್ನಾ, ಪಿ53ಆ?

ಅಮ್ಮತ್ತಿಯಿಂದ ಬೆಂಗಳೂರಿಗೆ

ಮೇಷ್ಟ್ರೇ, ನಮಸ್ಕಾರ. ನಾನು ಅಮ್ಮತ್ತಿ ಕಡೆಯವನು, ಬೆಂಗಳೂರಿನಲ್ಲಿ ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ನೀವು ಹೇಳಿದ ಎರಡೂ ಅಲ್ಲ. ಹೆಚ್ಚಿನವರಲ್ಲಿ ಮೊದಲು ಕೆಡುವುದು ಎಪಿಸಿ. ಹತ್ತರಲ್ಲಿ ಎಂಟು ಜನರ ಗಡ್ಡೆಯಲ್ಲಿ ಅದು ಕೆಟ್ಟಿರುತ್ತದೆ. 5ನೇ ಕ್ರೋಮೋಸೋಮಿನಲ್ಲಿರುವ ಈ ಜೀನನ್ನು 1991ರಲ್ಲಿ ಗುರುತಿಸಿದರು.

ಎಪಿಸಿಯ ಕೆಲಸ ತೋಟದವರಿಗೆ ಬೇಗ ಅರ್ಥವಾಗುತ್ತದೆ. ಕಾಫಿ ಗಿಡದಲ್ಲಿ ಕಂಬಚಿಗುರು ಬರುತ್ತಲೇ ಇರುತ್ತದೆ, ನಾವು ಮುರಿಯುತ್ತಲೇ ಇರುತ್ತೇವೆ. ಒಂದು ವರ್ಷ ಆಳು ಸಿಗದೆ ಬಿಟ್ಟರೆ ಗಿಡ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಕೋಶದಲ್ಲಿ ಬೀಟಾ-ಕ್ಯಾಟೆನಿನ್ ಅನ್ನುವ ಪ್ರೋಟೀನ್ ಹಾಗೇ ಹುಟ್ಟುತ್ತಲೇ ಇರುತ್ತದೆ. ಎಪಿಸಿ ಮತ್ತು ಅದರ ಜೊತೆಯವರು ಅದನ್ನು ಹಿಡಿದು ಒಡೆಯುತ್ತಲೇ ಇರುತ್ತಾರೆ. ಎಪಿಸಿ ಹೋಯಿತು ಅಂದರೆ ಬೀಟಾ-ಕ್ಯಾಟೆನಿನ್ ಕೂಡಿಕೊಂಡು ಕೋಶಕೇಂದ್ರದೊಳಗೆ ಹೋಗುತ್ತದೆ. ಮಿಕ್, ಸೈಕ್ಲಿನ್ ಡಿ1 ಇಂಥ ಜೀನ್‌ಗಳನ್ನು ಚಾಲು ಮಾಡುತ್ತದೆ. ಸೈಕ್ಲಿನ್ ಡಿ ಹೋಗಿ ಸಿಡಿಕೆ4, ಸಿಡಿಕೆ6 ಜೊತೆ ಸೇರಿ ಕೋಶವನ್ನು ಜಿ1 ದಾಟಿಸುತ್ತದೆ. ಅಲ್ಲಿಗೆ ಪಾಲಿಪ್ ಶುರು.

ಪಾಲಿಪ್ ಅಂದರೆ ಕ್ಯಾನ್ಸರ್ ಅಲ್ಲ. ಹೆಚ್ಚಿನ ಪಾಲಿಪ್‌ಗಳು ಪಾಲಿಪ್ ಆಗಿಯೇ ಉಳಿಯುತ್ತವೆ. ಕೆಲವದರಲ್ಲಿ ಮುಂದೆ ಕೆ-ರಾಸ್ ಕೆಡುತ್ತದೆ. ಸುಮಾರು 40% ಕರುಳಿನ ಕ್ಯಾನ್ಸರ್‌ಗಳಲ್ಲಿ ಅದು ಕೆಟ್ಟಿದೆ. ಕೆ-ರಾಸ್ ಅನ್ನುವುದು ಹೊರಗಿನ "ಬೆಳೆ" ಅನ್ನುವ ಸೂಚನೆಯನ್ನು ಒಳಗೆ ದಾಟಿಸುವ ಪ್ರೋಟೀನ್. ಕೆಟ್ಟರೆ ಯಾರೂ ಹೇಳದಿದ್ದರೂ ದಾಟಿಸುತ್ತಲೇ ಇರುತ್ತದೆ, ಸೈಕ್ಲಿನ್ ಡಿ ಇನ್ನೂ ಏರುತ್ತದೆ. ಪಿ53 ಕೆಡುವುದು ಸಾಮಾನ್ಯವಾಗಿ ಕೊನೆಯ ಹೊತ್ತಿಗೆ, ಪಾಲಿಪ್ ಕ್ಯಾನ್ಸರ್ ಆಗುವ ಗಡಿಯಲ್ಲಿ. ಫಿಯರಾನ್ ಮತ್ತು ಫೋಗಲ್‌ಸ್ಟೈನ್ 1990ರಲ್ಲಿ ಈ ಹೆಜ್ಜೆಗಳ ಚಿತ್ರ ಕೊಟ್ಟರು. ಎಲ್ಲರಲ್ಲೂ ಇದೇ ಕ್ರಮ ಅಂತಲ್ಲ, ಆದರೆ ಚಿತ್ರ ಇವತ್ತಿಗೂ ನಿಂತಿದೆ.

ನಾನು ಒತ್ತಿ ಹೇಳಬೇಕು ಅನ್ನಿಸುವ ವಿಷಯ ಇಲ್ಲಿದೆ. ಈ ಹೆಜ್ಜೆಗಳಿಗೆ ಸಾಮಾನ್ಯವಾಗಿ ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಅಷ್ಟು ಸಮಯ ಗಂಟು ಅಲ್ಲೇ ಕೂತಿರುತ್ತದೆ. ಕೊಲೊನೋಸ್ಕೋಪಿಯಲ್ಲಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವಾಗ, ಸಿಕ್ಕಿದರೆ ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಆ ಗಂಟು ಮುಂದೆ ಕ್ಯಾನ್ಸರ್ ಆಗುವ ಮಾತೇ ಇಲ್ಲ. ಕ್ಯಾನ್ಸರ್ ಬರುವ ಮೊದಲೇ ತೆಗೆಯುವ ಇಂಥ ಅವಕಾಶ ತುಂಬ ಕಡಿಮೆ ಕ್ಯಾನ್ಸರ್‌ಗಳಲ್ಲಿದೆ.

ಸೋಮವಾರಪೇಟೆ ಪ್ಲಾಂಟರ್

ನಮ್ಮ ಅತ್ತಿಗೆಗೆ ಸ್ತನ ಕ್ಯಾನ್ಸರ್. ಪಾಲ್ಬೊಸಿಕ್ಲಿಬ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅದು ಸಿಡಿಕೆ4 ತಡೆಯುವ ಮಾತ್ರೆ ಅಂತ ಡಾಕ್ಟರ್ ಹೇಳಿದ್ದರು. ನೀವು ಹೇಳಿದ್ದು ನೋಡಿದರೆ ಕರುಳಿನ ಕ್ಯಾನ್ಸರಿಗೂ ಅದೇ ಸಾಕಲ್ಲ? ಯಾಕೆ ಕೊಡಲ್ಲ?

ಅಮ್ಮತ್ತಿಯಿಂದ ಬೆಂಗಳೂರಿಗೆ

ಅಣ್ಣ, ಸರಿಯಾದ ಪ್ರಶ್ನೆ. ಆ ಮಾತ್ರೆಗೆ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಕರುಳಿನ ಕ್ಯಾನ್ಸರಿಗೆ ಈ ಗುಂಪಿನ ಯಾವ ಮಾತ್ರೆಗೂ ಒಪ್ಪಿಗೆ ಇಲ್ಲ.

ಹಾರ್ಮೋನ್ ನಂಬಿಕೊಂಡ ಸ್ತನ ಕ್ಯಾನ್ಸರ್ ಜಿ1 ದಾಟಲು ಸೈಕ್ಲಿನ್ ಡಿ ಮತ್ತು ಸಿಡಿಕೆ4 ಜೋಡಿಯ ಮೇಲೇ ನಿಂತಿರುತ್ತದೆ. ಅದನ್ನು ಹಿಡಿದರೆ ಕೋಶ ನಿಲ್ಲುತ್ತದೆ. ಕರುಳಿನ ಕ್ಯಾನ್ಸರಿನಲ್ಲಿ ಬೇರೆ ದಾರಿಗಳೂ ತೆರೆದಿರುತ್ತವೆ. ಸೈಕ್ಲಿನ್ ಇ ಮತ್ತು ಸಿಡಿಕೆ2 ಅನ್ನುವ ಇನ್ನೊಂದು ಜೋಡಿ ಇದೆ. ಸೈಕ್ಲಿನ್ ಇ ಅನ್ನು ಸಮಯಕ್ಕೆ ಸರಿಯಾಗಿ ಒಡೆಯಲು ಎಫ್‌ಬಿಎಕ್ಸ್‌ಡಬ್ಲ್ಯು7 ಅನ್ನುವ ಪ್ರೋಟೀನ್ ಬೇಕು. ಕೆಲವರ ಗಡ್ಡೆಯಲ್ಲಿ ಅದು ಕೆಟ್ಟಿರುತ್ತದೆ. ಪಿ27 ಅನ್ನುವ ತಡೆಗಾರ ಪ್ರೋಟೀನಿನ ಕಥೆ ಇನ್ನೊಂದು ಥರ. ಅದರ ಜೀನ್ ಅಪರೂಪಕ್ಕೆ ಕೆಡುತ್ತದೆ, ಆದರೆ ಎಸ್‌ಕೆಪಿ2 ಅನ್ನುವ ಪ್ರೋಟೀನ್ ಜಾಸ್ತಿಯಾಗಿ ಪಿ27 ಅನ್ನು ಒಡೆದುಹಾಕುತ್ತದೆ. ಹಾಗಾಗಿ ಜೀನ್ ಟೆಸ್ಟ್ ಮಾಡಿದರೆ ಎಲ್ಲ ಸರಿ ಕಾಣುತ್ತದೆ, ಕೋಶದಲ್ಲಿ ಮಾತ್ರ ಪ್ರೋಟೀನ್ ಇಲ್ಲ.

ಇನ್ನೊಂದು ವಿಚಿತ್ರ. ಆರ್‌ಬಿ ಅನ್ನುವ ತಡೆ ಪ್ರೋಟೀನ್ ಬಹಳ ಕ್ಯಾನ್ಸರ್‌ಗಳಲ್ಲಿ ಕಳೆದುಹೋಗಿರುತ್ತದೆ. ದೊಡ್ಡಕರುಳಿನಲ್ಲಿ ಉಲ್ಟಾ. ಆರ್‌ಬಿ ಇರುವ 13ನೇ ಕ್ರೋಮೋಸೋಮಿನ ಉದ್ದ ತೋಳು ಎಷ್ಟೋ ಗಡ್ಡೆಗಳಲ್ಲಿ ಜಾಸ್ತಿ ಪ್ರತಿಗಳಲ್ಲಿರುತ್ತದೆ. ಅದೇ ತೋಳಿನಲ್ಲಿ ಸಿಡಿಕೆ8 ಕೂಡ ಇದೆ, ಅದು ಬೀಟಾ-ಕ್ಯಾಟೆನಿನ್ನಿಗೆ ಸಹಾಯ ಮಾಡುತ್ತದೆ. ಒಂದು ಅಂಗದಲ್ಲಿ ಗೆದ್ದ ಔಷಧಿ ಇನ್ನೊಂದರಲ್ಲಿ ಸುಮ್ನೆ ಹಾಗೇ ಗೆಲ್ಲುವುದಿಲ್ಲ ಅನ್ನುವುದಕ್ಕೆ ಇವೆಲ್ಲ ಕಾರಣ. ಅತ್ತಿಗೆಯ ಮಾತ್ರೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ.

ವಿರಾಜಪೇಟೆ ಬಯಾಲಜಿ ಮೇಷ್ಟ್ರು

ಕ್ರೋಮೋಸೋಮ್ ಪ್ರತಿಗಳು ಜಾಸ್ತಿ ಆಗುವುದು ಹೇಗಪ್ಪಾ? ಎಂ ಹಂತದಲ್ಲಿ ತನಿಖೆ ಇರುತ್ತದೆ ಅಂತ ನಾವೇ ಪಾಠ ಮಾಡುತ್ತೇವಲ್ಲ.

ಅಮ್ಮತ್ತಿಯಿಂದ ಬೆಂಗಳೂರಿಗೆ

ಇದೆ ಸರ್. ಮ್ಯಾಡ್2, ಬಬ್1, ಬಬ್‌ಆರ್1 ಅನ್ನುವ ಪ್ರೋಟೀನ್‌ಗಳು ಆ ತನಿಖೆ ಮಾಡುತ್ತವೆ. ಎಲ್ಲ ಕ್ರೋಮೋಸೋಮ್‌ಗಳೂ ಅವನ್ನು ಎರಡು ಕಡೆಗೆ ಎಳೆಯುವ ಎಳೆಗಳಿಗೆ ಸರಿಯಾಗಿ ಕಟ್ಟಿಕೊಳ್ಳುವವರೆಗೆ ಕೋಶವನ್ನು ಬಿಡುವುದಿಲ್ಲ. 1998ರಲ್ಲಿ ಕರುಳಿನ ಕ್ಯಾನ್ಸರಿನ ಕೋಶಗಳಲ್ಲಿ ಬಬ್1 ಕೆಟ್ಟಿರುವುದು ಸಿಕ್ಕಿತು. ಉತ್ತರ ಸಿಕ್ಕೇಬಿಟ್ಟಿತು ಅಂತ ಎಲ್ಲರಿಗೂ ಅನ್ನಿಸಿತು. ಆಮೇಲೆ ನೋಡಿದರೆ ರೋಗಿಗಳಲ್ಲಿ ಅದು ಅಪರೂಪ. ತನಿಖೆ ಪೂರ್ತಿ ಹೋದರೆ ಕ್ಯಾನ್ಸರ್ ಕೋಶವೇ ಬದುಕುವುದಿಲ್ಲ. ಸ್ವಲ್ಪ ಸಡಿಲವಾದರೆ ಮಾತ್ರ ಅದಕ್ಕೆ ಲಾಭ.

ಎಪಿಸಿ ಇಲ್ಲೂ ಬರುತ್ತದೆ. ಅದು ಆ ಎಳೆಗಳ ತುದಿಗೂ ಅಂಟಿಕೊಳ್ಳುವ ಪ್ರೋಟೀನ್. ಅದು ತುಂಡಾದರೆ ಎಳೆಗಳ ಹಿಡಿತ ತಪ್ಪಿ, ಕ್ರೋಮೋಸೋಮ್‌ಗಳು ಸಮನಾಗಿ ಹಂಚಿಕೆ ಆಗುವುದಿಲ್ಲ. ಒಂದೇ ಪ್ರೋಟೀನ್ ಕೆಟ್ಟು ಎರಡು ಕಡೆ ಏಟು. ಕರುಳಿನ ಕ್ಯಾನ್ಸರ್ ಶುರುವಾಗುವುದು ಇಷ್ಟೊಂದು ಸಲ ಎಪಿಸಿಯಿಂದಲೇ ಆಗಿರುವುದರಲ್ಲಿ ಇದಕ್ಕೂ ಪಾತ್ರ ಇರಬೇಕು ಅಂತ ನನ್ನ ಅಭಿಪ್ರಾಯ.

ಸೋಮವಾರಪೇಟೆ ಪ್ಲಾಂಟರ್

ಎಲ್ಲರ ಮನಸ್ಸಿನಲ್ಲಿರುವುದನ್ನು ನಾನೇ ಕೇಳಿಬಿಡುತ್ತೇನೆ. ಪಂದಿಕರಿ?

ಮಡಿಕೇರಿ ಪ್ಯಾಥಾಲಜಿ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ. ಉಪ್ಪು ಹಾಕಿ, ಹೊಗೆಯಲ್ಲಿ ಇಟ್ಟು, ಸಂಸ್ಕರಿಸಿದ ಮಾಂಸ ದೊಡ್ಡಕರುಳಿನ ಕ್ಯಾನ್ಸರಿಗೆ ಕಾರಣ, ಸಾಕ್ಷಿ ಗಟ್ಟಿಯಾಗಿದೆ. ದಿನಾ 50 ಗ್ರಾಂ ತಿಂದರೆ ಅಪಾಯ ಸುಮಾರು 18% ಏರುತ್ತದೆ. ಹಂದಿ, ದನ, ಕುರಿಯಂಥ ಕೆಂಪು ಮಾಂಸ ಬಹುಶಃ ಕಾರಣ, ಸಾಕ್ಷಿ ಅಷ್ಟು ಗಟ್ಟಿ ಇಲ್ಲ. ಹಾಗಾಗಿ ತಾಜಾ ಹಂದಿಯ ಪಂದಿಕರಿ ಎರಡನೇ ಗುಂಪು. ಮಳೆಗಾಲಕ್ಕೆ ಒಲೆ ಮೇಲೆ ಹೊಗೆಯಲ್ಲಿ ಒಣಗಿಸಿ ಇಡುವ ಮಾಂಸ ಮೊದಲನೇ ಗುಂಪು. ಮಾಂಸದ ಹೀಮ್ ಕಬ್ಬಿಣ ಕರುಳಿನಲ್ಲಿ ಡಿಎನ್‌ಎಗೆ ಪೆಟ್ಟು ಕೊಡುವ ನೈಟ್ರೋಸೊ ಸಂಯುಕ್ತಗಳು ಹುಟ್ಟಲು ದಾರಿ ಮಾಡುತ್ತದೆ. ಪಿ53, ಪಿ21 ಎದ್ದು ಕೆಲಸ ಮಾಡಬೇಕಾದ ಸಂದರ್ಭ ಅದೇ. ನಾರಿನ ಕಡೆಯಿಂದ ನೋಡಿದರೆ, ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಬ್ಯುಟಿರೇಟ್ ಮಾಡುತ್ತವೆ, ಬ್ಯುಟಿರೇಟ್ ಕೋಶಗಳಲ್ಲಿ ಪಿ21 ಏರಿಸುತ್ತದೆ ಅಂತ ಲ್ಯಾಬಿನಲ್ಲಿ ಕಂಡಿದ್ದಾರೆ.

ಹಬ್ಬ, ಮದುವೆ ಊಟದ ಬಗ್ಗೆ ನನಗೆ ಚಿಂತೆ ಇಲ್ಲ. ದಿನಾ ತಿನ್ನುವವರ ಬಗ್ಗೆ ಇದೆ. ಅದರ ಜೊತೆ ದಿನಾ ಕುಡಿಯುವುದೂ ಸೇರಿದರೆ ಇನ್ನೂ ಜಾಸ್ತಿ. ಮದ್ಯವೂ ಇದೇ ಕ್ಯಾನ್ಸರಿಗೆ ಖಚಿತ ಕಾರಣ. ನಮ್ಮ ಜಿಲ್ಲೆಯಲ್ಲಿ ಮಾಂಸದ ಬಗ್ಗೆ ಕೇಳುವವರು ಈ ಎರಡನೆಯದನ್ನು ಕೇಳುವುದೇ ಇಲ್ಲ.

ಕುಶಾಲನಗರ ನರ್ಸ್

ಪ್ರೋಟೀನ್ ವಿಷಯ ಓದಿ ಖುಷಿಯಾಯಿತು. ನನ್ನದು ಆಸ್ಪತ್ರೆ ಕಡೆಯ ಮಾತು. ಮಲದಲ್ಲಿ ರಕ್ತ ಕಂಡರೆ ನಮ್ಮ ಜನ ಮೊದಲು ಹೇಳುವುದು "ಮೂಲವ್ಯಾಧಿ, ಖಾರ ಜಾಸ್ತಿ ಆಯಿತು". ಅಂಗಡಿಯಿಂದ ಮುಲಾಮು ತಂದು ತಿಂಗಳುಗಟ್ಟಲೆ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ. ಒಬ್ಬ ಕ್ಲಿನಿಕ್ಕಿನವರಂತೂ ಮುಟ್ಟಿ ನೋಡದೆ ಮೂಲವ್ಯಾಧಿ ಅಂತ ಬರೆದುಕೊಟ್ಟಿದ್ದರು. ಆಮೇಲೆ ನೋಡಿದರೆ ಗುದನಾಳದಲ್ಲೇ ಗಡ್ಡೆ, ಬೆರಳಿಗೆ ಸಿಗುವಷ್ಟು ಹತ್ತಿರ. ನನಗೆ ಇವತ್ತಿಗೂ ಅದು ನೆನಪಾದರೆ ಸಿಟ್ಟು ಬರುತ್ತದೆ.

ವಯಸ್ಸಾದವರಲ್ಲಿ ಕಾರಣ ಇಲ್ಲದೆ ಹಿಮೋಗ್ಲೋಬಿನ್ ಇಳಿದರೂ ನೋಡಲೇಬೇಕು. ಬಲಭಾಗದ ಗಡ್ಡೆ ಕಣ್ಣಿಗೆ ಕಾಣದಷ್ಟು ಸ್ವಲ್ಪ ಸ್ವಲ್ಪವೇ ರಕ್ತ ಸುರಿಸುತ್ತದೆ. ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಬಾರದು.

ಕೊಲೊನೋಸ್ಕೋಪಿಗೆ ಹಿಂದಿನ ದಿನ ಲೀಟರುಗಟ್ಟಲೆ ಔಷಧಿ ನೀರು ಕುಡಿದು ಹೊಟ್ಟೆ ಪೂರ್ತಿ ಖಾಲಿ ಮಾಡಬೇಕು. ರಾತ್ರಿಯೆಲ್ಲ ಓಡಾಟ. ಲೈನ್ ಮನೆಯಲ್ಲಿರುವ ತೋಟದ ಕೆಲಸದವರಿಗೆ ಶೌಚಾಲಯ ಹೊರಗೆ, ಮಳೆ ಬೇರೆ. ಅದಕ್ಕೇ ಎಷ್ಟೋ ಜನ ಬರದೆ ತಪ್ಪಿಸಿಕೊಳ್ಳುತ್ತಾರೆ. ಹಿಂದಿನ ದಿನವೇ ಪೇಟೆಯಲ್ಲಿ ನೆಂಟರ ಮನೆಗೆ ಬಂದು ಉಳಿಯಿರಿ ಅಂತ ನಾನು ಹೇಳುತ್ತೇನೆ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ಆ ಒಂದು ರಾತ್ರಿಗೆ ವ್ಯವಸ್ಥೆ ಮಾಡಿಕೊಡಿ.

ನಾಪೋಕ್ಲು

ಗೋಣಿಕೊಪ್ಪದ ತಂಗಿಯ ಅಮ್ಮನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ನಮ್ಮ ಒಕ್ಕದಲ್ಲೂ (ಕೊಡವ ಮನೆತನ) ಇಬ್ಬರಿಗೆ ಆಗಿದೆ, ನನಗೂ ತಿಳಿಯಬೇಕು.

ಮಡಿಕೇರಿ ಪ್ಯಾಥಾಲಜಿ

ಹೌದು, ಅದೇ ಮುಖ್ಯ. ಆ ನಾಲ್ಕು ಇಂಟ್ಯಾಕ್ಟ್ ಪ್ರೋಟೀನ್‌ಗಳು ಎಸ್ ಹಂತದಲ್ಲಿ ಡಿಎನ್‌ಎ ನಕಲಿನ ತಪ್ಪು ತಿದ್ದುವವು. ಸುಮಾರು 15% ಕರುಳಿನ ಕ್ಯಾನ್ಸರ್‌ಗಳಲ್ಲಿ ಈ ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ಅಂಥವರಲ್ಲಿ ಕೆಲವರಿಗೆ ಅದು ಲಿಂಚ್ ಸಿಂಡ್ರೋಮ್ ಅನ್ನುವ ವಂಶದ ದೋಷ. ಒಟ್ಟು ಲೆಕ್ಕದಲ್ಲಿ ಸುಮಾರು 3%. ನಿಮ್ಮ ಮಾವನಲ್ಲಿ ನಾಲ್ಕೂ ಸರಿ ಇರುವುದರಿಂದ ಲಿಂಚ್ ಇರುವ ಸಾಧ್ಯತೆ ತುಂಬ ಕಡಿಮೆ. ಗಡ್ಡೆಯಲ್ಲಿರುವ ಪಿ53, ಕೆ-ರಾಸ್ ದೋಷಗಳು ಆ ಗಡ್ಡೆಯಲ್ಲೇ ಹುಟ್ಟಿದವು, ಮಕ್ಕಳಿಗೆ ಹೋಗುವಂಥವಲ್ಲ. ನೂರಾರು ಪಾಲಿಪ್ ಇದ್ದರೆ ಎಪಿಸಿಯ ವಂಶದ ದೋಷ ಅಂತ ಅನುಮಾನಿಸುತ್ತೇವೆ. ಅಂಥ ಮನೆಗಳಲ್ಲಿ ಮಕ್ಕಳಿಗೆ 10-12 ವಯಸ್ಸಿನಿಂದಲೇ ತಪಾಸಣೆ ಬೇಕು.

ಹಾಗಿದ್ದೂ ಒಡಹುಟ್ಟಿದವರಿಗೆ ಅಪಾಯ ಸಾಮಾನ್ಯರಿಗಿಂತ ಸ್ವಲ್ಪ ಜಾಸ್ತಿ. ನಿಮ್ಮ ಅಮ್ಮ ಕೊಲೊನೋಸ್ಕೋಪಿ ಮಾಡಿಸುವುದು ಒಳ್ಳೆಯದು. 40 ವಯಸ್ಸಿಗೆ ಅಥವಾ ರೋಗ ಕಂಡವರ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಶುರು ಮಾಡಬೇಕು ಅನ್ನುವುದು ರೂಢಿಯ ಸಲಹೆ. ಮಾವನ ಮಕ್ಕಳಿಗೂ ಇದೇ ಲೆಕ್ಕ.

ನಾಪೋಕ್ಲಿನವರಿಗೆ ಒಂದು ಮಾತು. ನಮ್ಮ ಐನ್‌ಮನೆಗಳಲ್ಲಿ, ಅಂದರೆ ಒಕ್ಕದ ಮೂಲ ಮನೆಗಳಲ್ಲಿ, ಹಿರಿಯರಿಗೆ ಮೂರ್ನಾಲ್ಕು ತಲೆಮಾರಿನ ನೆನಪು ಇರುತ್ತದೆ. ವಂಶದ ಚರಿತ್ರೆ ಬರೆಯಲು ಇದಕ್ಕಿಂತ ಒಳ್ಳೆ ಸಹಾಯ ಇಲ್ಲ. ಆದರೆ ಒಕ್ಕ ನಡೆಯುವುದು ಗಂಡಿನ ಸಾಲಿನಲ್ಲಿ. ಲಿಂಚ್ ಆಗಲಿ ಎಪಿಸಿ ಆಗಲಿ ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ. ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಅಕ್ಕ-ತಂಗಿಯರು, ಅವರ ಮಕ್ಕಳು, ಅಮ್ಮನ ತವರಿನವರು, ಇವರನ್ನೂ ಕೇಳಿ ಬರೆಯಿರಿ. ಲಿಂಚ್ ಇರುವ ಮನೆಯಲ್ಲಿ ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರ್ ಕೂಡ ಬರುತ್ತದೆ. ಅದನ್ನು ಬೇರೆ ರೋಗ ಅಂತ ಬಿಟ್ಟುಬಿಡಬೇಡಿ. 50 ವಯಸ್ಸಿನೊಳಗೆ ಯಾರಿಗಾದರೂ ಬಂದಿದ್ದರೆ ವಯಸ್ಸನ್ನೂ ಬರೆದುಕೊಳ್ಳಿ.

ಸೋಮವಾರಪೇಟೆ ಪ್ಲಾಂಟರ್

ನಮ್ಮ ಕಾಡಿನಲ್ಲಿ ಕೆಟ್ಟ ವಾಸನೆಯ ಒಂದು ಮರ ಇದೆ, ಅದರಿಂದ ಕ್ಯಾನ್ಸರ್ ಔಷಧಿ ಮಾಡುತ್ತಾರೆ ಅಂತ ಹಿಂದೆ ತೊಗಟೆ ಕೊಳ್ಳಲು ಜನ ಬರುತ್ತಿದ್ದರು. ನಿಜವಾ?

ಅಮ್ಮತ್ತಿಯಿಂದ ಬೆಂಗಳೂರಿಗೆ

ನಿಜ ಅಣ್ಣ. ಅದು ನೋಥಾಪೊಡೈಟಿಸ್ ಜಾತಿಯ ಮರ ಇರಬೇಕು, ಪಶ್ಚಿಮ ಘಟ್ಟದ್ದು. ಅದರಲ್ಲಿ ಕ್ಯಾಂಪ್ಟೊಥೆಸಿನ್ ಇದೆ. 1966ರಲ್ಲಿ ಮನ್ರೋ ವಾಲ್ ಮತ್ತು ನಮ್ಮ ದೇಶದಲ್ಲಿ ಹುಟ್ಟಿದ ಮನ್ಸುಖ್ ವಾಣಿ ಇದನ್ನು ಚೀನಾದ ಇನ್ನೊಂದು ಮರದಿಂದ ಬೇರ್ಪಡಿಸಿದ್ದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ನಮ್ಮ ಮರದಲ್ಲೂ ಅದು ಇರುವುದನ್ನು ತೋರಿಸಿದರು. ಅದನ್ನೇ ಬದಲಾಯಿಸಿ ಮಾಡಿದ ಇರಿನೋಟೆಕಾನ್ ದೊಡ್ಡಕರುಳಿನ ಕ್ಯಾನ್ಸರ್ ಹರಡಿದಾಗ ಕೊಡುವ ಔಷಧಿ. ಎಸ್ ಹಂತದಲ್ಲಿ ಡಿಎನ್‌ಎ ಸುರುಳಿ ಬಿಡಿಸುವ ಟೋಪೊಐಸೋಮರೇಸ್ ಅನ್ನು ಅಲ್ಲೇ ಸಿಕ್ಕಿಸಿ, ಡಿಎನ್‌ಎ ತುಂಡಾಗುವಂತೆ ಮಾಡುತ್ತದೆ. ತೊಗಟೆಗಾಗಿ ಕಡಿದು ಕಡಿದು ಆ ಮರಗಳೇ ಕಡಿಮೆಯಾಗಿವೆ. ಹಸಿ ತೊಗಟೆಯ ಕಷಾಯ ಯಾರೂ ಕುಡಿಯಬಾರದು. ಅದು ವಿಷ.

ಗೋಣಿಕೊಪ್ಪದ ಮಗಳು

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಪರೀಕ್ಷೆಗೆ ಒಪ್ಪಿದ್ದಾರೆ, ನರ್ಸ್ ಅಕ್ಕ ಹೇಳಿದ ಹಾಗೆ ಹಿಂದಿನ ದಿನವೇ ಮೈಸೂರಿನಲ್ಲಿ ಚಿಕ್ಕಮ್ಮನ ಮನೆಗೆ ಹೋಗುತ್ತೇವೆ. ಕೊನೆಯದಾಗಿ ಒಂದು: ಕೆ-ರಾಸ್ ಇರುವುದರಿಂದ ಮುಂದೆ ಯಾವ ಔಷಧಿ ಕೆಲಸ ಮಾಡಲ್ಲ? ಆಸ್ಪತ್ರೆಯಿಂದ ಬ್ಲಾಕ್ ತಂದಿಟ್ಟುಕೊಳ್ಳಿ ಅಂತ ಯಾರೋ ಹೇಳಿದರು, ಅದು ಏನಕ್ಕೆ?

ಮಡಿಕೇರಿ ಪ್ಯಾಥಾಲಜಿ

ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಅಂತ ಎರಡು ಇಂಜೆಕ್ಷನ್ ಇವೆ, ರೋಗ ಹರಡಿದವರಿಗೆ ಕೊಡುವಂಥವು. ಅವು ಕೋಶದ ಹೊರಗೆ ಬಾಗಿಲಲ್ಲೇ ಸೂಚನೆ ತಡೆಯುತ್ತವೆ. ಕೆ-ರಾಸ್ ಒಳಗಿಂದಲೇ ಸೂಚನೆ ಕೊಡುತ್ತಿದ್ದರೆ ಇವನ್ನು ಮಾತ್ರ ಕೊಟ್ಟು ಪ್ರಯೋಜನ ಇಲ್ಲ. ಜಿ12ಸಿ ಅನ್ನುವ ಒಂದು ಬಗೆಯ ಕೆ-ರಾಸ್ ದೋಷಕ್ಕೆ ಈಗ ಬೇರೆ ಮಾತ್ರೆಗಳು ಬಂದಿವೆ, ಅವನ್ನು ಈ ಇಂಜೆಕ್ಷನ್ ಜೊತೆ ಸೇರಿಸಿ ಕೊಡುತ್ತಾರೆ. ಹಾಗಾಗಿ ರಿಪೋರ್ಟಿನಲ್ಲಿ ಬರೀ "ಮ್ಯುಟೇಶನ್ ಇದೆ" ಅಂತಿದ್ದರೆ ಯಾವ ಬಗೆ ಅಂತ ಕೇಳಿ ಬರೆಸಿಕೊಳ್ಳಿ.

ಬ್ಲಾಕ್ ಅಂದರೆ ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿದ ಅಚ್ಚು. ಮುಂದೆ ಬೇರೆ ಟೆಸ್ಟ್ ಬೇಕಾದರೆ ಅದರಿಂದಲೇ ಕತ್ತರಿಸಬೇಕು. ಬರೀ ಸ್ಲೈಡ್ ಇದ್ದರೆ ಎಷ್ಟೋ ಸಲ ಸಾಲುವುದಿಲ್ಲ. ಬೇರೆ ಆಸ್ಪತ್ರೆಗೆ ಹೋಗುವುದಿದ್ದರೆ ಬರೆದುಕೊಟ್ಟು ಕೇಳಿ, ಕೊಡುತ್ತಾರೆ. ಬ್ಲಾಕ್ ನಂಬರ್ ರಿಪೋರ್ಟಿನ ನಂಬರಿಗೆ ಹೊಂದುತ್ತದಾ ಅಂತ ಅಲ್ಲೇ ನೋಡಿಕೊಳ್ಳಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಒಂದು ಡಬ್ಬಿಯಲ್ಲಿ ಹಾಕಿ ತಣ್ಣಗಿರುವ ಒಣ ಜಾಗದಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ.